ಶಾಲಾ ತಪಾಸಣೆ: ಅರ್ಥ, ಅಧಿಕಾರ ಮತ್ತು ಹೊಣೆ

ತಪಾಸಣೆ ಎಂಬ ಮಾತು ಕಿವಿಗೆ ಬಿದ್ದೊಡನೆ ಕನ್ನಡ ನಾಡಿನ ಯಾವ ಶಾಲೆಯಲ್ಲಾದರೂ ಒಂದು ಬಗೆಯ ಸಂಚಲನ ಉಂಟಾಗುವುದು ಇಂದು ನಿನ್ನೆಯ ಸಂಗತಿಯಲ್ಲ. ಗೋಡೆಗೆ ಸುಣ್ಣ, ಅಂಗಳಕ್ಕೆ ನೀರು, ಹಾಜರಿ ಪುಸ್ತಕದ ಪುಟಪುಟಕ್ಕೂ ಮೊತ್ತ, ಪಾಠ ಟಿಪ್ಪಣಿಗೆ ಹೊಸ ರಟ್ಟು, ವರ್ಷವಿಡೀ ಬೀರುವಿನಲ್ಲಿ ಸುರುಳಿಯಾಗಿ ಬಿದ್ದಿದ್ದ ಭೂಪಟಕ್ಕೆ ಗೋಡೆಯ ಮೇಲೊಂದು ಮೊಳೆ, ಇವೆಲ್ಲ ಎರಡು ದಿನಗಳಲ್ಲಿ ಒದಗಿಬರುತ್ತವೆ. ಚುರುಕಾದ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸುವುದೂ ಉಂಟು. ಅಧಿಕಾರಿಗಳು ಬಂದು, ನೋಡಿ, ಷರಾ ಬರೆದು ಹೊರಟುಹೋದ ಮರುದಿನ ಭೂಪಟವು ಮತ್ತೆ ಬೀರುವನ್ನು ಸೇರುತ್ತದೆ. ಈ ಪದ್ಧತಿಯನ್ನು ಕುರಿತು ನಗುವುದು ಸುಲಭ; ಶಿಕ್ಷಕರ ಕೊಠಡಿಗಳಲ್ಲಿ ತಲೆಮಾರುಗಳಿಂದ ನಗುತ್ತಲೂ ಬಂದಿದ್ದಾರೆ. ಆದರೆ ಒಂದು ಶಾಲೆಯನ್ನು ಹೊರಗಿನವರು ಬಂದು ನೋಡುವುದು ಯಾರ ಹಿತಕ್ಕಾಗಿ ಎಂಬ ಪ್ರಶ್ನೆಯನ್ನು ಆ ನಗೆಯ ನಡುವೆ ಯಾರೂ ಕೇಳಿಕೊಂಡಂತೆ ಕಾಣುವುದಿಲ್ಲ.

ಕನ್ನಡದಲ್ಲಿ ಈ ಕಾರ್ಯಕ್ಕೆ ಮೂರು ಹೆಸರುಗಳು ಬಳಕೆಯಲ್ಲಿವೆ. ತನಿಖೆ, ತಪಾಸಣೆ ಎಂಬ ಎರಡು ಮಾತುಗಳು ಹಳೆಯ ಆಡಳಿತದ ಭಾಷೆಯಿಂದ ಬಂದವು. ಇವುಗಳಲ್ಲಿ ಮೊದಲನೆಯದು ಇಂದು ಹೆಚ್ಚಾಗಿ ಪೊಲೀಸ್ ಠಾಣೆಗೆ ಸೇರಿಹೋಗಿದೆ. ಕಳವು ನಡೆದರೆ ತನಿಖೆ, ಹಣ ದುರುಪಯೋಗವಾದರೆ ತನಿಖೆ. ಮೂರನೆಯದು ಪರಿವೀಕ್ಷಣೆ. ಸುತ್ತಲೂ ಚೆನ್ನಾಗಿ ನೋಡುವುದು ಎಂಬ ಅದರ ಅರ್ಥದಲ್ಲಿ ಅಪರಾಧದ ಶಂಕೆ ಇಲ್ಲ. ಸರ್ಕಾರಿ ಕಾಗದಪತ್ರಗಳಲ್ಲಿ ಪರಿವೀಕ್ಷಣೆ ಎಂದೇ ಬರೆಯುತ್ತಿದ್ದರೂ ಶಾಲೆಯವರು ಅದನ್ನು ತನಿಖೆ ಎಂದೇ ಓದಿಕೊಳ್ಳುತ್ತಾರೆ. ಬರುವ ಅಧಿಕಾರಿಗಳಲ್ಲಿ ಕೆಲವರೂ ಹಾಗೆಯೇ ನಡೆದುಕೊಳ್ಳುತ್ತಾರೆ.

ವಸ್ತುತಃ ಪರಿವೀಕ್ಷಣೆಯ ಅಗತ್ಯವು ಶಾಲೆಯ ಸ್ವರೂಪದಲ್ಲಿಯೇ ಅಡಗಿದೆ. ಅಂಗಡಿಯ ಸರಕು ಕೆಟ್ಟದ್ದಾಗಿದ್ದರೆ ಗಿರಾಕಿಗೆ ಅಂದೇ ತಿಳಿಯುತ್ತದೆ. ಸೇತುವೆ ದುರ್ಬಲವಾಗಿದ್ದರೆ ಒಂದು ಮಳೆಗಾಲದಲ್ಲಿ ಗೊತ್ತಾಗುತ್ತದೆ. ಆದರೆ ಏಳು ವರ್ಷದ ಮಗುವಿಗೆ ತನಗೆ ಕಲಿಸಬೇಕಾದುದನ್ನು ಕಲಿಸಿಲ್ಲವೆಂದು ತಿಳಿಯುವ ಬಗೆ ಹೇಗೆ? ಅದು ತಿಳಿಯುವ ವೇಳೆಗೆ ಮಗು ದೊಡ್ಡವನಾಗಿ, ಕಳೆದ ವರ್ಷಗಳು ಕಳೆದೇ ಹೋಗಿರುತ್ತವೆ. ಅಕ್ಷರಜ್ಞಾನವಿಲ್ಲದ ತಂದೆತಾಯಿಗಳು ಮಠದ ಶಾಲೆಯೆಂದು, ಸ್ವಾಮಿಗಳ ಶಾಲೆಯೆಂದು ನಂಬಿ ಮಗುವನ್ನು ಒಪ್ಪಿಸಿ ಹೋಗುತ್ತಾರೆ. ಪಾಠ ಸರಿಯಾಗಿ ನಡೆಯುತ್ತಿದೆಯೇ ಎಂದು ಕೇಳುವ ಧೈರ್ಯ ಅವರಿಗೆ ಬರುವುದಿಲ್ಲ. ಕೇಳಲಾರದವರ ಪರವಾಗಿ ಕೇಳುವ ಒಬ್ಬರು ಬೇಕು. ಪರಿವೀಕ್ಷಕರ ಅಧಿಕಾರಕ್ಕೆ ಇದಕ್ಕಿಂತ ಬಲವಾದ ಆಧಾರ ಬೇರೊಂದಿಲ್ಲ. ಸರ್ಕಾರದ ಅನುದಾನ, ಸಾರ್ವಜನಿಕರ ಹಣ ಎಂಬ ಮಾತುಗಳು ಎರಡನೆಯ ಸಾಲಿಗೆ ಸೇರಿದವು.

ಹಾಗಿದ್ದರೂ ಚರಿತ್ರೆಯಲ್ಲಿ ಹಣವೇ ಮೊದಲು ಬಂದಿತು. ಇಂಗ್ಲೆಂಡಿನ ಪಾರ್ಲಿಮೆಂಟು 1833ರಲ್ಲಿ ಬಡಮಕ್ಕಳ ಶಾಲಾ ಕಟ್ಟಡಗಳಿಗಾಗಿ 20,000 ಪೌಂಡುಗಳನ್ನು ಮಂಜೂರು ಮಾಡಿ, ಅದನ್ನು ಎರಡು ಧಾರ್ಮಿಕ ಹಿನ್ನೆಲೆಯ ಶಿಕ್ಷಣ ಸಂಘಗಳ ಮೂಲಕ ಹಂಚಿತು. ಹಣ ಏನಾಯಿತೆಂದು ನೋಡುವವರು ಬೇಕಾಗಿ 1839ರಲ್ಲಿ ಇಬ್ಬರು ಶಾಲಾ ಪರಿವೀಕ್ಷಕರನ್ನು ನೇಮಿಸಲಾಯಿತು. ಧಾರ್ಮಿಕ ಸಂಸ್ಥೆ, ಸರ್ಕಾರದ ಅನುದಾನ, ಅದರ ಬೆನ್ನಿಗೆ ಬರುವ ಅಧಿಕಾರಿ ಎಂಬ ಈ ತ್ರಿಕೋನವು ಕರ್ನಾಟಕದ ಮಠಗಳ ಶಾಲೆಗಳಿಗೆ ಚೆನ್ನಾಗಿ ಪರಿಚಿತವಾದುದೇ ಆಗಿದೆ. ಅಲ್ಲಿಯ ಚರ್ಚು ಸುಮ್ಮನೆ ಒಪ್ಪಲಿಲ್ಲ. ತಮ್ಮ ಶಾಲೆಗಳೊಳಗೆ ಸರ್ಕಾರದ ಮನುಷ್ಯ ಕಾಲಿಡುವುದು ಧರ್ಮದ ಅಧಿಕಾರಕ್ಕೆ ಕುಂದೆಂದು ವಾದಿಸಿತು. ಕೊನೆಗೆ 1840ರಲ್ಲಿ ಒಂದು ಒಪ್ಪಂದವಾಯಿತು. ಚರ್ಚಿನ ಶಾಲೆಗಳಿಗೆ ನೇಮಕವಾಗುವ ಪರಿವೀಕ್ಷಕರಿಗೆ ಆರ್ಚ್‌ಬಿಷಪ್ಪರ ಸಮ್ಮತಿ ಇರಬೇಕೆಂದು ಗೊತ್ತಾಯಿತು. ಅದೇ ವರ್ಷ ಪರಿವೀಕ್ಷಕರಿಗೆ ಕೊಟ್ಟ ಸೂಚನೆಗಳಲ್ಲಿ, ಅವರು ಹೋಗುವುದು ಶಾಲೆಯ ಮೇಲೆ ಹತೋಟಿ ನಡೆಸುವುದಕ್ಕಲ್ಲ, ನೆರವು ನೀಡುವುದಕ್ಕೆ ಎಂಬ ಭಾವ ಸ್ಪಷ್ಟವಾಗಿತ್ತು. ಆ ಸೂಚನೆ ಬರೆದವರು ದೂರದೃಷ್ಟಿಯುಳ್ಳವರೆಂದೇ ಹೇಳಬೇಕು.

ಆದರೆ ಆ ದೃಷ್ಟಿ ಬಹುಕಾಲ ಉಳಿಯಲಿಲ್ಲ. ಅನುದಾನದ ಮೊತ್ತ ಬೆಳೆಯುತ್ತ ಹೋದಂತೆ ಖಜಾನೆಗೆ ಚಿಂತೆ ಹತ್ತಿತು. 1862ರಲ್ಲಿ ರಾಬರ್ಟ್ ಲೋ ಎಂಬ ರಾಜಕಾರಣಿಯ ಮುಂದಾಳತ್ವದಲ್ಲಿ ಹೊಸ ಸಂಹಿತೆಯೊಂದು ಜಾರಿಗೆ ಬಂದಿತು. ಅದರ ಪ್ರಕಾರ ಪರಿವೀಕ್ಷಕರು ವರ್ಷಕ್ಕೊಮ್ಮೆ ಬಂದು ಪ್ರತಿಯೊಂದು ಮಗುವನ್ನೂ ಓದು, ಬರಹ, ಲೆಕ್ಕ ಈ ಮೂರರಲ್ಲಿ ಪರೀಕ್ಷಿಸಬೇಕು. ತೇರ್ಗಡೆಯಾದ ಮಗುವಿನ ಲೆಕ್ಕದಲ್ಲಿ ಶಾಲೆಗೆ ಇಷ್ಟು ಶಿಲಿಂಗು, ತಪ್ಪಿದ ಮಗುವಿನ ಲೆಕ್ಕದಲ್ಲಿ ಅಷ್ಟು ಕಡಿತ. ಫಲಕ್ಕೆ ತಕ್ಕ ಹಣ ಎಂಬ ಈ ಸೂತ್ರವು ಕೇಳುವುದಕ್ಕೆ ನ್ಯಾಯವಾಗಿಯೇ ತೋರುತ್ತದೆ. ಅದರ ಪರಿಣಾಮವನ್ನು ಹತ್ತಿರದಿಂದ ಕಂಡವರಲ್ಲಿ ಕವಿ ಮ್ಯಾಥ್ಯೂ ಆರ್ನಲ್ಡ್ ಒಬ್ಬರು. ಆಂಗ್ಲ ಸಾಹಿತ್ಯವನ್ನು ಓದಿದವರೆಲ್ಲ ಬಲ್ಲ ಈ ವಿಮರ್ಶಕರು 1851ರಿಂದ 1886ರವರೆಗೆ, ಮೂವತ್ತೈದು ವರ್ಷಗಳ ಕಾಲ, ಹೊಟ್ಟೆಪಾಡಿಗಾಗಿ ಶಾಲಾ ಪರಿವೀಕ್ಷಕರಾಗಿದ್ದರು. ಮಕ್ಕಳು ಪಠ್ಯಪುಸ್ತಕವನ್ನು ಕಂಠಪಾಠ ಮಾಡಿ ಓದಿನ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಾರೆ, ಬೇರೆ ಪುಸ್ತಕ ಕೊಟ್ಟರೆ ಓದಲಾರರು. ಶಿಕ್ಷಕರಲ್ಲಿ ಮೊದಲಿದ್ದ ಜೀವಂತಿಕೆ ಬತ್ತಿ ಪಾಠವು ಯಾಂತ್ರಿಕವಾಗಿದೆ ಎಂದು ಅವರು ತಮ್ಮ ವರದಿಗಳಲ್ಲಿ ಮತ್ತೆ ಮತ್ತೆ ಬರೆದರು. ತಮಗೆ ಸಂಬಳ ಕೊಡುತ್ತಿದ್ದ ಇಲಾಖೆಯ ನೀತಿಯನ್ನೇ ಇಲಾಖೆಯ ವರದಿಯಲ್ಲಿ ಖಂಡಿಸಿದ ಈ ಧೈರ್ಯವು ಇಂದಿನ ಎಷ್ಟು ಅಧಿಕಾರಿಗಳಲ್ಲಿದೆಯೋ ತಿಳಿಯದು. ಆ ಸಂಹಿತೆ ಪೂರ್ತಿಯಾಗಿ ಮರೆಯಾಗಲು 1890ರ ದಶಕವೇ ಬೇಕಾಯಿತು.

ಭಾರತದಲ್ಲಿ ಪರಿವೀಕ್ಷಣೆಯ ವ್ಯವಸ್ಥೆ ಹುಟ್ಟಿದ್ದು 1854ರ ವುಡ್ಡರ ಆಜ್ಞಾಪತ್ರದಿಂದ. ಪ್ರಾಂತಕ್ಕೊಂದು ಶಿಕ್ಷಣ ಇಲಾಖೆ, ಅದರ ಕೆಳಗೆ ಪರಿವೀಕ್ಷಕರು, ಖಾಸಗಿ ಸಂಸ್ಥೆಗಳಿಗೆ ಅನುದಾನ, ಅನುದಾನ ಪಡೆದವರು ಪರಿವೀಕ್ಷಣೆಗೆ ಒಳಪಡಬೇಕೆಂಬ ಕರಾರು, ಈ ನಾಲ್ಕೂ ಆ ಪತ್ರದಲ್ಲಿವೆ. ಅನುದಾನಿತ ಶಾಲೆಯ ಮುಖ್ಯೋಪಾಧ್ಯಾಯರು ಇಂದಿಗೂ ತುಂಬುವ ನಮೂನೆಗಳ ಮೂಲವನ್ನು ಹುಡುಕುತ್ತ ಹೋದರೆ ಅಲ್ಲಿಗೇ ತಲಪಬೇಕಾಗುತ್ತದೆ. ಫಲಕ್ಕೆ ತಕ್ಕ ಹಣವೆಂಬ ರೋಗವೂ ಹಡಗು ಹತ್ತಿ ಬಂದಿತು. ಮದರಾಸು, ಮುಂಬಯಿ ಪ್ರಾಂತಗಳು ಅದರ ಒಂದೊಂದು ರೂಪವನ್ನು ಅಳವಡಿಸಿಕೊಂಡವು. 20ನೆಯ ಶತಮಾನದ ಆರಂಭದವರೆಗೂ ಅದರ ನೆರಳು ಇಲ್ಲಿಯ ಶಾಲೆಗಳ ಮೇಲೆ ಇದ್ದಿತು.

ಆದರೂ ಆ ಕಾಲದ ಪರಿವೀಕ್ಷಕರನ್ನು ನೆನೆಯುವಾಗ ಕನ್ನಡಿಗರು ಕೃತಜ್ಞರಾಗಿರಲು ಕಾರಣಗಳಿವೆ. ಧಾರವಾಡ ಸೀಮೆಯಲ್ಲಿ ಡೆಪ್ಯೂಟಿ ಚನ್ನಬಸಪ್ಪನವರ ಹೆಸರು ಕೇಳದ ವಿದ್ಯಾವಂತರಿಲ್ಲ. ಡೆಪ್ಯೂಟಿ ಎಂಬುದು ಅವರ ಮನೆತನದ ಹೆಸರಲ್ಲ. ಡೆಪ್ಯೂಟಿ ಎಜ್ಯುಕೇಶನಲ್ ಇನ್ಸ್‌ಪೆಕ್ಟರ್ ಎಂಬ ಹುದ್ದೆಯ ತುಂಡು. ಒಬ್ಬ ಶಾಲಾ ತಪಾಸಣಾಧಿಕಾರಿಯ ಹುದ್ದೆಯನ್ನು ಜನರು ಪ್ರೀತಿಯಿಂದ ಅವರ ಹೆಸರಿಗೇ ಅಂಟಿಸಿ ಒಂದೂವರೆ ಶತಮಾನ ಕಾಪಾಡಿಕೊಂಡು ಬಂದಿರುವ ನಿದರ್ಶನ ವಿರಳ. ಕನ್ನಡದ ಮಕ್ಕಳು ಮರಾಠಿಯಲ್ಲಿ ಅಕ್ಷರ ಕಲಿಯುತ್ತಿದ್ದ ಪ್ರದೇಶದಲ್ಲಿ ಕನ್ನಡ ಶಾಲೆಗಳು ನೆಲೆಗೊಳ್ಳಲು ಅವರು ದುಡಿದರು. ಶಿಕ್ಷಕರನ್ನು ಬರೆಯಲು ಹುರಿದುಂಬಿಸಿದರು. ತಾವೂ ಬರೆದರು, ಶೇಕ್ಸ್‌ಪಿಯರನ ನಾಟಕವನ್ನು ಕನ್ನಡಕ್ಕೆ ತಂದರು. ಹಾಜರಿ ಪುಸ್ತಕ ನೋಡುವುದು ಮಾತ್ರವೇ ತಮ್ಮ ಕೆಲಸವೆಂದು ಅವರು ತಿಳಿದಿದ್ದರೆ ಉತ್ತರ ಕರ್ನಾಟಕದ ಕನ್ನಡದ ಕಥೆ ಬೇರೆಯೇ ಆಗುತ್ತಿತ್ತು.

ಮೈಸೂರಿನ ಕಡೆ ಬಿ. ಎಲ್. ರೈಸ್ ಅವರದು ಇನ್ನೊಂದು ನಿದರ್ಶನ. ಬೆಂಗಳೂರಿನಲ್ಲಿಯೇ ಹುಟ್ಟಿದ ರೈಸ್ 1865ರಲ್ಲಿ ಮೈಸೂರು ಮತ್ತು ಕೊಡಗಿನ ಶಾಲೆಗಳ ಪರಿವೀಕ್ಷಕರಾದರು. ಊರಿಂದೂರಿಗೆ ಸಂಚರಿಸುವಾಗ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತ ಶಾಸನದ ಕಲ್ಲುಗಳು ಅವರ ಕಣ್ಣಿಗೆ ಬಿದ್ದವು. 1886ರಿಂದ ಹೊರಬರತೊಡಗಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಅವರು ಸುಮಾರು 9,000 ಶಾಸನಗಳನ್ನು ಬೆಳಕಿಗೆ ತಂದರು. ಶಾಲೆ ನೋಡಲು ಹೋದವರು ನಾಡನ್ನೇ ನೋಡಿದರು. ದಕ್ಷಿಣ ಕನ್ನಡದ ಪಂಜೆ ಮಂಗೇಶರಾಯರೂ ಶಾಲಾ ತನಿಖಾ ಖಾತೆಯಲ್ಲಿ ದುಡಿದವರೇ. ಮಕ್ಕಳ ನಡುವೆ ಓಡಾಡಿದ ಆ ಅನುಭವ ಅವರ ಶಿಶುಸಾಹಿತ್ಯಕ್ಕೆ ಒದಗಿಲ್ಲವೆಂದು ಯಾರು ಹೇಳಬಲ್ಲರು? ಈ ಮೂವರಲ್ಲಿಯೂ ಕಾಣುವ ಗುಣ ಒಂದೇ. ತಾವು ನೋಡಲು ಹೋದ ವಿಷಯವನ್ನು ಅವರು ಆ ಶಾಲೆಯ ಶಿಕ್ಷಕರಿಗಿಂತ ಹೆಚ್ಚು ಬಲ್ಲವರಾಗಿದ್ದರು, ಇಲ್ಲವೇ ಬಲ್ಲವರಾಗಲು ಹಂಬಲಿಸುತ್ತಿದ್ದರು. ಅಂಥವರು ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತರೆ ಶಿಕ್ಷಕರಿಗೆ ಭಯವಾಗುವುದು ಸಹಜ. ಆದರೆ ಆ ಭಯದಿಂದ ಶಿಕ್ಷಕರಿಗೆ ಲಾಭವೂ ಉಂಟು.

ಸ್ವಾತಂತ್ರ್ಯಾನಂತರ ಆಯೋಗಗಳಿಗೇನೂ ಕೊರತೆಯಾಗಲಿಲ್ಲ. 1952-53ರ ಮುದಲಿಯಾರ್ ಆಯೋಗವು ಇನ್ಸ್‌ಪೆಕ್ಟರ್ ಎಂಬ ಹೆಸರನ್ನೇ ಬಿಟ್ಟು ಶೈಕ್ಷಣಿಕ ಸಲಹೆಗಾರರೆಂದು ಕರೆಯುವುದು ಲೇಸೆಂದಿತು. 1964-66ರ ಕೊಠಾರಿ ಆಯೋಗವು ಆಡಳಿತವನ್ನೂ ಶೈಕ್ಷಣಿಕ ಮಾರ್ಗದರ್ಶನವನ್ನೂ ಬೇರ್ಪಡಿಸಬೇಕೆಂದು ಸೂಚಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಶಾಲೆ ನಡೆಸುವವರೇ ಶಾಲೆಯ ಗುಣಮಟ್ಟವನ್ನು ಅಳೆಯುವುದು ಸಲ್ಲದೆಂದು ಪ್ರತ್ಯೇಕ ಪ್ರಾಧಿಕಾರವನ್ನು ಶಿಫಾರಸು ಮಾಡಿತು. ಒಂದೇ ಔಷಧವನ್ನು ಮೂವರು ವೈದ್ಯರು ಬರೆದುಕೊಟ್ಟಿದ್ದಾರೆ; ರೋಗಿ ಅದನ್ನು ಕುಡಿದದ್ದು ಮಾತ್ರ ಕಾಣೆ.

ಇಂದಿನ ಸ್ಥಿತಿಯನ್ನು ನೋಡಿದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲೆ ಕೋಪಕ್ಕಿಂತ ಕನಿಕರವೇ ಹೆಚ್ಚಾಗಿ ಹುಟ್ಟುತ್ತದೆ. ವೇತನದ ಬಿಲ್ಲು, ವರ್ಗಾವಣೆ, ನ್ಯಾಯಾಲಯದ ಪ್ರಕರಣ, ಪಠ್ಯಪುಸ್ತಕ ಮತ್ತು ಸಮವಸ್ತ್ರಗಳ ವಿತರಣೆ, ಬಿಸಿಯೂಟ, ಪರೀಕ್ಷಾ ಕೇಂದ್ರಗಳು, ಮೇಲಿನಿಂದ ದಿನವೂ ಇಳಿಯುವ ಸುತ್ತೋಲೆಗಳು, ಇಷ್ಟನ್ನು ಹೊತ್ತ ಮನುಷ್ಯ ತಾಲ್ಲೂಕಿನ ನೂರಾರು ಶಾಲೆಗಳಲ್ಲಿ ಒಂದೊಂದರಲ್ಲಿಯೂ ಅರ್ಧ ದಿನ ಕುಳಿತು ಪಾಠ ಕೇಳುವುದೆಂತು? ಶಿಕ್ಷಣ ಸಂಯೋಜಕರು, ಸಮೂಹ ಸಂಪನ್ಮೂಲ ವ್ಯಕ್ತಿಗಳು, ಪ್ರೌಢಶಾಲೆಗಳಿಗೆ ವಿಷಯ ಪರಿವೀಕ್ಷಕರು ಎಂದು ಹುದ್ದೆಗಳ ಸಾಲೇನೋ ಇದೆ. ಆದರೆ ಇವರ ವೇಳೆಯ ಬಹುಪಾಲು ಅಂಕಿ ಅಂಶಗಳನ್ನು ಒಟ್ಟುಮಾಡುವುದರಲ್ಲಿಯೇ ಸವೆಯುತ್ತದೆ. ಶಾಲೆಗೆ ಶೌಚಾಲಯ ಇದೆಯೇ, ಗ್ರಂಥಾಲಯ ಇದೆಯೇ, ಇಳಿಜಾರು ದಾರಿ ಇದೆಯೇ? 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ ಇವನ್ನೆಲ್ಲ ಕಡ್ಡಾಯಗೊಳಿಸಿದ್ದು ಒಳ್ಳೆಯದೇ ಆಯಿತು. ನಮೂನೆಯಲ್ಲಿ ಇದೆ ಎಂದು ಗುರುತು ಹಾಕಿದರೆ ಲೆಕ್ಕ ಮುಗಿಯಿತು. ಗ್ರಂಥಾಲಯದ ಬೀಗ ವರ್ಷದಲ್ಲಿ ಎಷ್ಟು ಸಲ ತೆರೆಯಿತು, ಎಂಟನೆಯ ತರಗತಿಯ ಹುಡುಗಿ ತಾನಾಗಿ ಯಾವ ಪುಸ್ತಕವನ್ನು ಕೇಳಿ ಒಯ್ದಳು ಎಂಬುದಕ್ಕೆ ಅಲ್ಲಿ ಕಾಲಮಿಲ್ಲ. ಎಣಿಸಬಹುದಾದುದನ್ನು ಮಾತ್ರ ನೋಡುವ ಅಭ್ಯಾಸ ಬಲವಾದಂತೆ ಎಣಿಸಲಾಗದುದು ಇಲ್ಲವೇ ಇಲ್ಲವೆಂಬ ಭಾವನೆ ಬೆಳೆಯುತ್ತದೆ.

ಇದಕ್ಕಿಂತ ಮುಖ್ಯವಾದ ದೋಷ ಇನ್ನೊಂದಿದೆ. ಪರಿವೀಕ್ಷಣೆ ಮಾಡುವ ಕೈಯೇ ಅನುದಾನವನ್ನು ಬಿಡುಗಡೆ ಮಾಡುತ್ತದೆ, ಮಾನ್ಯತೆಯನ್ನು ನವೀಕರಿಸುತ್ತದೆ, ತೆರವಾದ ಹುದ್ದೆ ತುಂಬಲು ಅನುಮತಿ ಕೊಡುವ ದಾರಿಯಲ್ಲಿಯೂ ಕುಳಿತಿರುತ್ತದೆ. 1983ರಲ್ಲಿ ರೂಪುಗೊಂಡು 1995ರಲ್ಲಿ ಜಾರಿಗೆ ಬಂದ ಕರ್ನಾಟಕ ಶಿಕ್ಷಣ ಕಾಯಿದೆಯಲ್ಲಿ ಈ ಅಧಿಕಾರಗಳೆಲ್ಲ ಒಂದೇ ಇಲಾಖೆಯಲ್ಲಿ ನೆಲೆಸಿವೆ. ಅಂಥ ಅಧಿಕಾರಿಯ ಮುಂದೆ ಯಾವ ಮುಖ್ಯೋಪಾಧ್ಯಾಯರು ತಮ್ಮ ಶಾಲೆಯ ಕೊರತೆಯನ್ನು ಬಿಚ್ಚಿ ಹೇಳಿಯಾರು? ವಿಜ್ಞಾನದ ಶಿಕ್ಷಕರು ಬೀಜಗಣಿತದಲ್ಲಿ ತೊಡಕು ಅನುಭವಿಸುತ್ತಿದ್ದಾರೆ, ಒಬ್ಬರನ್ನು ಕಳಿಸಿಕೊಡಿ ಎಂದು ಕೇಳಿದರೆ ಅದು ನೆರವಿನ ಬೇಡಿಕೆಯಾಗದೆ ಕಡತದ ಆಕ್ಷೇಪಣೆಯಾಗಿ ಹಿಂದಿರುಗುತ್ತದೆ. ಈ ವಿಷಯದಲ್ಲಿ ಸಂವಿಧಾನ ರಚಿಸಿದವರ ಎಚ್ಚರವನ್ನು ಗಮನಿಸಬೇಕು. ದೇಶದ ಲೆಕ್ಕ ನೋಡುವ ಮಹಾಲೇಖಪಾಲರನ್ನು 148ನೆಯ ಅನುಚ್ಛೇದದಲ್ಲಿ ಸರ್ಕಾರದ ಕೃಪೆ ಮತ್ತು ಕೋಪ ಎರಡರಿಂದಲೂ ದೂರವಿಟ್ಟಿದ್ದಾರೆ. ಸುಪ್ರೀಂ ಕೋರ್ಟಿನ ನ್ಯಾಯಾಧೀಶರನ್ನು ತೆಗೆಯುವ ಕ್ರಮದಿಂದಲ್ಲದೆ ಅವರನ್ನು ತೆಗೆಯುವಂತಿಲ್ಲ. ಅಧಿಕಾರ ಮುಗಿದ ಮೇಲೆ ಅವರು ಸರ್ಕಾರದ ಅಡಿಯಲ್ಲಿ ಬೇರೆ ಹುದ್ದೆ ಹಿಡಿಯುವಂತಿಲ್ಲ. ರೂಪಾಯಿಯ ಲೆಕ್ಕಕ್ಕೆ ಇಷ್ಟು ಸ್ವಾತಂತ್ರ್ಯ ಬೇಕೆಂದು ಕಂಡವರಿಗೆ ಮಕ್ಕಳ ಕಲಿಕೆಯ ಲೆಕ್ಕಕ್ಕೂ ಸ್ವಲ್ಪ ಬೇಕೆಂದು ತೋರಲಿಲ್ಲವೇಕೋ.

ಸ್ವತಂತ್ರ ಮಂಡಲಿ ಇದ್ದರೆ ಎಲ್ಲವೂ ಸರಿಯಾದೀತೆಂದು ನಂಬುವುದೂ ಕಷ್ಟ. ಇಂಗ್ಲೆಂಡಿನಲ್ಲಿ 1992ರ ಕಾಯಿದೆಯಿಂದ ಆಫ್‌ಸ್ಟೆಡ್ ಎಂಬ ಪ್ರತ್ಯೇಕ ಸಂಸ್ಥೆ ಹುಟ್ಟಿತು. ಅದು ಇಡೀ ಶಾಲೆಯ ಯೋಗ್ಯತೆಯನ್ನು ಅತ್ಯುತ್ತಮ, ಉತ್ತಮ, ಸುಧಾರಣೆ ಬೇಕು, ಅಸಮರ್ಪಕ ಎಂಬ ನಾಲ್ಕರಲ್ಲಿ ಒಂದು ಮಾತಿನಲ್ಲಿ ಸಾರತೊಡಗಿತು. ತನ್ನ ಶಾಲೆಗೆ ಕಡೆಯ ದರ್ಜೆ ಬರಲಿದೆಯೆಂದು ತಿಳಿದ ಮುಖ್ಯೋಪಾಧ್ಯಾಯಿನಿಯೊಬ್ಬರು 2023ರ ಜನವರಿಯಲ್ಲಿ ಪ್ರಾಣ ಕಳೆದುಕೊಂಡರು. ಆ ಸಾವಿಗೆ ಪರಿವೀಕ್ಷಣೆಯೂ ಕಾರಣವಾಯಿತೆಂದು ಮರಣ ವಿಚಾರಣಾಧಿಕಾರಿ ಅದೇ ವರ್ಷದ ಡಿಸೆಂಬರಿನಲ್ಲಿ ತೀರ್ಮಾನಿಸಿದರು. 2024ರ ಸೆಪ್ಟೆಂಬರಿನಲ್ಲಿ ಒಂದೇ ಮಾತಿನ ತೀರ್ಪನ್ನು ಕೈಬಿಡಲಾಯಿತು. ಇತ್ತ ಭಾರತದಲ್ಲಿ ಕಾಲೇಜು, ವಿಶ್ವವಿದ್ಯಾಲಯಗಳನ್ನು ಅಳೆಯಲು 1994ರಲ್ಲಿ ನ್ಯಾಕ್ ಸ್ಥಾಪನೆಯಾಯಿತು. ಅದರ ಕೇಂದ್ರ ಕಚೇರಿ ಬೆಂಗಳೂರಿನಲ್ಲಿಯೇ ಇದೆ. ಅದು ನೀಡುವ ಶ್ರೇಣಿಯ ಅಕ್ಷರವನ್ನು ಕಾಲೇಜುಗಳು ಹೆಬ್ಬಾಗಿಲ ಮೇಲೆ ಬಿರುದಿನಂತೆ ಬರೆಸಿಕೊಂಡವು. 2025ರ ಫೆಬ್ರವರಿಯಲ್ಲಿ ಒಂದು ಪರಿಶೀಲನಾ ತಂಡದ ಸದಸ್ಯರನ್ನೇ ಲಂಚದ ಆರೋಪದ ಮೇಲೆ ಸಿಬಿಐ ಬಂಧಿಸಿತು. ಆರೋಪದ ಸತ್ಯಾಸತ್ಯತೆಯನ್ನು ನ್ಯಾಯಾಲಯ ನಿರ್ಣಯಿಸಬೇಕು. ಆದರೆ ಒಂದು ಅಕ್ಷರಕ್ಕೆ ಅಷ್ಟೊಂದು ಬೆಲೆ ಕಟ್ಟಿದಾಗ ಅದನ್ನು ಕೊಳ್ಳುವವರೂ ಮಾರುವವರೂ ಹುಟ್ಟುತ್ತಾರೆಂಬುದನ್ನು ತಿಳಿಯಲು ನ್ಯಾಯಾಲಯದವರೆಗೆ ಹೋಗಬೇಕಾಗಿಲ್ಲ.

ಹಾಗಾದರೆ ಫಿನ್‌ಲೆಂಡಿನಂತೆ ಶಾಲಾ ಪರಿವೀಕ್ಷಣೆಯನ್ನೇ ರದ್ದುಮಾಡಬಹುದೇ? ಆ ದೇಶವು 1990ರ ದಶಕದ ಆರಂಭದಲ್ಲಿ ಹಾಗೆ ಮಾಡಿತು. ಅಲ್ಲಿಯ ಶಾಲೆಗಳು ಅದರಿಂದ ಕೆಟ್ಟವೆಂದು ಯಾರೂ ಹೇಳಿಲ್ಲ. ಆದರೆ ಅಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರಿಗೂ ಸ್ನಾತಕೋತ್ತರ ಪದವಿ ಇರಲೇಬೇಕು, ಶಿಕ್ಷಕರಾಗಲು ಪ್ರತಿಭಾವಂತರು ಪೈಪೋಟಿ ನಡೆಸುತ್ತಾರೆ. ಹುದ್ದೆಗಳು ವರ್ಷಗಟ್ಟಲೆ ತೆರವಾಗಿರುವ ನಾಡಿನಲ್ಲಿ ಆ ಮಾತನ್ನು ಎತ್ತುವುದು ನಡೆಯಲು ಕಲಿಯದವನು ಕೋಲನ್ನು ಎಸೆದಂತೆ ಆದೀತು.

ಮಠಗಳ ಆಶ್ರಯದಲ್ಲಿ ನಡೆಯುವ ಶಾಲೆಗಳಿಗೆ ಈ ವಿಚಾರದಲ್ಲಿ ವಿಶೇಷವಾದ ಹೊಣೆ ಇದೆ. ಅನ್ನ ಮತ್ತು ಅಕ್ಷರ ಎರಡನ್ನೂ ಒಂದೇ ಸೂರಿನಡಿ ಕೊಟ್ಟು, ಬಡ ರೈತರ ಮಕ್ಕಳನ್ನು ಓದಿಸಿ, ಸರ್ಕಾರ ಕಾಲಿಡದ ಊರುಗಳಲ್ಲಿ ಪ್ರೌಢಶಾಲೆ ತೆರೆದ ಕೀರ್ತಿ ಅವುಗಳದು. ಆ ಕೀರ್ತಿಯೇ ಕೆಲವೊಮ್ಮೆ ತೆರೆಯೂ ಆಗುತ್ತದೆ. ಪೂಜ್ಯರ ಸಂಸ್ಥೆಯಲ್ಲಿ ತಪ್ಪು ಹುಡುಕುವುದು ಅವಿನಯವೆಂದು ಅಧಿಕಾರಿಗಳು ಹಿಂಜರಿಯುತ್ತಾರೆ. ಬಂದವರನ್ನು ಮೊದಲು ಗದ್ದುಗೆಯ ದರ್ಶನಕ್ಕೆ, ಅಲ್ಲಿಂದ ಪ್ರಸಾದಕ್ಕೆ ಕರೆದೊಯ್ದು, ಶಾಲು ಹೊದಿಸಿ, ಫಲ ತಾಂಬೂಲ ಕೊಟ್ಟು ಬೀಳ್ಕೊಡುವಷ್ಟರಲ್ಲಿ ಸಂಜೆಯ ಗಂಟೆ ಬಾರಿಸಿರುತ್ತದೆ. ಅತಿಥಿಸತ್ಕಾರ ಮಠದ ಧರ್ಮ, ಅದನ್ನು ಬಿಡಬೇಕೆಂದು ಯಾರೂ ಹೇಳಲಾರರು. ಆದರೆ ಪರಿವೀಕ್ಷಕರು ಆ ದಿನ ಅತಿಥಿಗಳಾಗಿ ಬಂದಿರುವುದಿಲ್ಲ. ಏಳನೆಯ ತರಗತಿಯ ಮೂಲೆಯಲ್ಲಿ ಕುಳಿತ, ಭಾಗಾಕಾರ ಬಾರದ ಹುಡುಗನ ಪರವಾಗಿ ಬಂದಿರುತ್ತಾರೆ. ಪ್ರಸಾದ ಎಲ್ಲ ಮಕ್ಕಳೊಡನೆ ಸಾಲುಪಂಕ್ತಿಯಲ್ಲಿ ಆದರೆ ಸಾಕು, ಶಾಲು ಬೇಡ. ಶಾಲು ಹೊದ್ದುಕೊಂಡ ಕೈಗಳು ನಿಷ್ಠುರವಾದ ಷರಾ ಬರೆಯುವುದು ಕಠಿಣ. ಈ ಮಾತು ಕೆಲವರಿಗೆ ರುಚಿಸಲಾರದು, ಆದರೂ ಹೇಳದೆ ಗತ್ಯಂತರವಿಲ್ಲ.

ಶಿಕ್ಷಕರ ಪರವಾಗಿಯೂ ಒಂದು ಮಾತು ಸಲ್ಲಬೇಕು. ಪರಿವೀಕ್ಷಣೆಯ ಭಾರವೆಲ್ಲ ಅವರ ಹೆಗಲ ಮೇಲೆ ಬೀಳುತ್ತದೆ, ಆಡಳಿತ ಮಂಡಳಿ ಅಡ್ಡಪರಿಣಾಮವಿಲ್ಲದೆ ಪಾರಾಗುತ್ತದೆ. ಪ್ರಯೋಗಶಾಲೆಗೆ ಉಪಕರಣ ಕೊಳ್ಳದಿದ್ದವರು ಮಂಡಳಿಯವರು. ಪ್ರಯೋಗ ಮಾಡಿಸಿಲ್ಲವೆಂಬ ಷರಾ ಬಂದದ್ದು ವಿಜ್ಞಾನದ ಶಿಕ್ಷಕರಿಗೆ. ಅನುದಾನಿತ ಹುದ್ದೆ ತೆರವಾದಾಗ ಅಲ್ಪ ಸಂಭಾವನೆಯ ಮೇಲೆ ದುಡಿಯುವ ತರುಣ ಶಿಕ್ಷಕಿಯರಿಂದ ಪೂರ್ಣಕಾಲಿಕರ ದಕ್ಷತೆಯನ್ನು ಬಯಸುವುದು ಯಾವ ನ್ಯಾಯ? ಪರಿವೀಕ್ಷಣೆಯ ಅರ್ಥ ಸುತ್ತಲೂ ನೋಡುವುದು ಎಂದಾದರೆ, ಆ ನೋಟವು ಮಂಡಳಿಯ ನಡಾವಳಿ ಪುಸ್ತಕವನ್ನೂ ಲೆಕ್ಕಪತ್ರವನ್ನೂ ತಲಪಬೇಕು.

ಇಲಾಖೆಯನ್ನು ತಿದ್ದುವುದು ಶಾಲೆಗಳ ಕೈಯಲ್ಲಿಲ್ಲ. ಅವುಗಳ ಕೈಯಲ್ಲಿರುವುದು ಒಂದಿದೆ. ಪ್ರತಿವರ್ಷವೂ ಶಾಲೆಗಳು ಹೊರತರುವ ಸಂಚಿಕೆಗಳಲ್ಲಿ ಆಶೀರ್ವಚನ, ಗಣ್ಯರ ಸಂದೇಶ, ದಾನಿಗಳ ಭಾವಚಿತ್ರ, ಎಸ್.ಎಸ್.ಎಲ್.ಸಿ. ಫಲಿತಾಂಶದ ಶೇಕಡಾವಾರು ಪಟ್ಟಿ ಎಲ್ಲವೂ ಅಚ್ಚಾಗುತ್ತವೆ. ಆ ವರ್ಷ ಪರಿವೀಕ್ಷಕರು ಬರೆದ ವರದಿಯನ್ನು ಮುದ್ರಿಸಿದ ಸಂಚಿಕೆ ಮಾತ್ರ ಅಪರೂಪ. ಹಣ ಕೊಟ್ಟ ದಾನಿಗಳಿಗೆ ಕಟ್ಟಡದ ಚಿತ್ರ ತೋರಿಸುತ್ತಾರೆ, ಅದರೊಳಗೆ ಏನು ನಡೆಯಿತೆಂಬುದನ್ನು ತೋರಿಸುವುದಿಲ್ಲ. ಹಳೆಯ ವಿದ್ಯಾರ್ಥಿಗಳಿಗೆ ನೆನಪುಗಳನ್ನು ಬರೆಯಲು ಆಹ್ವಾನವಿದೆ, ಇಂದಿನ ಶಾಲೆಯ ಗಣಿತದ ಗತಿಯೇನೆಂದು ಕೇಳಲು ಅವಕಾಶವಿಲ್ಲ. ವರದಿಯನ್ನು ಇದ್ದಂತೆಯೇ ಅಚ್ಚು ಹಾಕಬೇಕು. ಅದರ ಪಕ್ಕದಲ್ಲಿ ಯಾವ ಕೊರತೆಯನ್ನು ಯಾವ ತಿಂಗಳಲ್ಲಿ ತುಂಬಲಾಯಿತು, ಯಾವುದು ಉಳಿಯಿತು, ಉಳಿದದ್ದಕ್ಕೆ ಕಾರಣ ಹಣವೋ ಆಲಸ್ಯವೋ ಎಂಬುದನ್ನು ಬರೆಯಬೇಕು. ಅಧಿಕಾರಿಗಳು ಹತ್ತು ನಿಮಿಷ ನಿಂತು ಹೋಗಿ ಅನ್ಯಾಯವಾಗಿ ಬರೆದಿದ್ದರೆ ಮುಖ್ಯೋಪಾಧ್ಯಾಯರ ಉತ್ತರವೂ ಅಲ್ಲಿಯೇ ಇರಲಿ; ತಾವು ಬರೆದದ್ದು ಅಚ್ಚಾಗುತ್ತದೆಂದು ತಿಳಿದರೆ ಅವರೂ ಮುಂದಿನ ಸಲ ತುಸು ಹೆಚ್ಚು ಹೊತ್ತು ಕುಳಿತಾರು. ಇದಕ್ಕೆ ಹೆಚ್ಚೆಂದರೆ ನಾಲ್ಕು ಪುಟಗಳು ಬೇಕಾಗಬಹುದು. ಜಾಹೀರಾತುಗಳಿಗೆ ಮೀಸಲಾದ ಪುಟಗಳನ್ನು ಸ್ವಲ್ಪ ಒತ್ತರಿಸಿದರೆ ಅಷ್ಟು ಸ್ಥಳ ದೊರೆಯುತ್ತದೆ.